ಮೂರು ರಾತ್ರಿ, ಫೋನಿಲ್ಲ, ಮಾತಿಲ್ಲ: ಒಂದು ಮೌನ ಧ್ಯಾನಕೂಟದ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ಆ ಮನೆ ಹೆಸರು ಹಾಕಲ್ಲ. ಕೆಳಗೆ ಬಾತ್‌ರೂಮ್ ವಿಷಯ ಎಲ್ಲಾ ಬರುತ್ತೆ, ಅದನ್ನ ಓದಿ ಯಾರೋ ಅಲ್ಲಿರೋ ವಯಸ್ಸಾದ ಸಿಸ್ಟರ್‌ಗೆ ಫೋನ್ ಮಾಡಿ ಜಾಡಿಸೋದು ನಂಗೆ ಬೇಡ. ಬೆಂಗಳೂರಿಂದ ಒಂದೂವರೆ ಗಂಟೆ ದಾರಿ, ಸುತ್ತ ನೀಲಗಿರಿ ತೋಪು, ಇಗ್ನೇಷಿಯನ್ ಪದ್ಧತಿ (ಸಂತ ಇಗ್ನೇಷಿಯಸ್ ಹಾಕ್ಕೊಟ್ಟ ಪ್ರಾರ್ಥನೆ ಕ್ರಮ) ಮೌನ ಧ್ಯಾನಕೂಟ, ಗುರುವಾರ ಸಂಜೆ ಶುರುವಾಗಿ ಭಾನುವಾರ ಮಧ್ಯಾಹ್ನ ಊಟ ಆದ್ಮೇಲೆ ಮುಗೀತು. ಈ ಥರ ಮನೆಗಳು ಬೇರೆನೂ ಇದಾವೆ, ನಿಮ್ಮ ಚರ್ಚ್ ಫಾದರ್ ಹತ್ರ ಕೇಳಿದ್ರೆ ಹೇಳ್ತಾರೆ. ನಾನು ಹೋದ ಕಡೆ ಕನ್ನಡದಲ್ಲಿ ನಡೆಯೋದು ವರ್ಷಕ್ಕೆ ಒಂದೋ ಎರಡೋ ಬ್ಯಾಚು ಅಷ್ಟೆ, ಉಳಿದಿದ್ದೆಲ್ಲ ಇಂಗ್ಲಿಷು, ಹಾಗಾಗಿ ಡೇಟ್ ಬಂದ ತಕ್ಷಣ ಹೆಸರು ಕೊಡ್ಬೇಕು, ನಾನು ಎರಡು ಸಲ ತಡ ಮಾಡಿ ಮಿಸ್ ಮಾಡ್ಕೊಂಡಿದ್ದೆ.

ಈ ಸಲದ್ದು ಕೂಡ ಬಿಟ್ಬಿಡೋಣ ಅನ್ನಿಸಿತ್ತು, ಯಾಕಂದ್ರೆ ಪೋಸ್ಟರ್ ಮೇಲೆ ದಪ್ಪಕ್ಷರದಲ್ಲಿ 'ಸಂಪೂರ್ಣ ಸಮರ್ಪಣೆ' ಅಂತ ಇತ್ತು. ಆ ಪದ ನೋಡಿದ್ರೆ ನಂಗೆ ಮೈ ಕಡಿಯುತ್ತೆ. ಕೆಲವು ವರ್ಷದ ಹಿಂದೆ ಆಫೀಸಿನವಳು ಒಬ್ಬಳು ಬಲವಂತ ಮಾಡಿ ಬೇರೆ ಒಂದು ಪ್ರಾರ್ಥನಾ ಶಿಬಿರಕ್ಕೆ ಕರ್ಕೊಂಡ್ ಹೋಗಿದ್ಲು, ದೊಡ್ಡ ಶೀಟ್ ಶೆಡ್ಡು, ಮದುವೆ ಮನೇಲಿ ಇಡೋ ಅಂಥ ಸೌಂಡ್ ಬಾಕ್ಸು, ಮೂರು ದಿನ ಕಿವಿ ಗುಂಯ್ ಅಂತಿತ್ತು. ಕೊನೇ ದಿನ ಎಲ್ಲರಿಗೂ ಒಂದು ಫಾರ್ಮ್ ಕೊಟ್ರು. ನಾನು ನನ್ನನ್ನು ಸಂಪೂರ್ಣವಾಗಿ ಒಪ್ಪಿಸಿಕೊಡುತ್ತೇನೆ ಅಂತ ಮೇಲೆ, ಕೆಳಗೆ ಟಿಕ್ ಹಾಕೋ ಬಾಕ್ಸ್‌ಗಳು: ದಶಮಾಂಶ (ಸಂಪಾದನೇಲಿ ಹತ್ತರಲ್ಲೊಂದು ಪಾಲು) ಕೊಡ್ತೀನಿ, ವಾರದ ಕೂಟ ತಪ್ಪಿಸಲ್ಲ, ನಾಯಕರ ಮಾತಿಗೆ ವಿಧೇಯಳಾಗಿರ್ತೀನಿ. ನನ್ನ ಪಕ್ಕ ಕೂತಿದ್ದ ಹುಡುಗಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತ್ತು, ಹೋಗ್ಲಾ ಅಂತ ಸ್ಟೇಜ್ ಹತ್ರ ಹೋಗಿ ಕೇಳಿದ್ಲು, ಅಲ್ಲಿದ್ದ ನಾಯಕರು ಕಣ್ಣು ಮುಚ್ಕೊಂಡು ಅರ್ಧ ನಿಮಿಷ ಪ್ರಾರ್ಥನೆ ಮಾಡಿ 'ದೇವರ ಚಿತ್ತ ಇಲ್ಲಮ್ಮ' ಅಂದ್ಬಿಟ್ರು. ಅಷ್ಟೆ. ಅರ್ಧ ನಿಮಿಷ. ಅವಳು ಅತ್ಕೊಂಡು ಬಂದು ಮೂರೂ ಬಾಕ್ಸಿಗೆ ಟಿಕ್ ಹಾಕಿದ್ಲು. ನನ್ನ ಫಾರ್ಮ್ ಮಡಚಿ ಬ್ಯಾಗಿಗೆ ಹಾಕ್ಕೊಂಡು ಬಂದೆ, ಹಿಂದುಗಡೆ ಖಾಲಿ ಇತ್ತು, ಆಮೇಲೆ ಅದರ ಮೇಲೆ ದಿನಸಿ ಲಿಸ್ಟ್ ಬರೆದೆ.

ಮತ್ತೆ ಈಗ ಯಾಕೆ ಹೋದೆ ಅಂದ್ರೆ, ಊರಿನ ಜಮೀನು. ನಮ್ಮದು ಕನಕಪುರದ ಕಡೆ. ಅಪ್ಪ ವಿಲ್ ಬರೆಯದೆ ಹೋಗ್ಬಿಟ್ರು, ರಸ್ತೆ ಪಕ್ಕ ಹನ್ನೆರಡು ಗುಂಟೆ ಇದೆ, ತಮ್ಮ ಅದನ್ನ ಮಾರ್ಬೇಕು ಅಂತಿದಾನೆ, ಪಾರ್ಟಿನೂ ಸಿಕ್ಕಿದಾನೆ, ನಾನು ಹಕ್ಕು ಬಿಡುಗಡೆ ಪತ್ರಕ್ಕೆ ಸೈನ್ ಹಾಕ್ಬೇಕು. ಕಾನೂನು ನೋಡಿದ್ರೆ ನಮಗೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಬರುತ್ತೆ, ಅದರ ಪ್ರಕಾರ ಅಮ್ಮನಿಗೆ ಮೂರರಲ್ಲೊಂದು ಭಾಗ, ಉಳಿದಿದ್ದು ಮಕ್ಕಳಿಗೆ ಸಮಸಮ, ಗಂಡು ಹೆಣ್ಣು ಅಂತ ಇಲ್ಲ. ಆದ್ರೆ ಕಾನೂನು ಯಾರು ಕೇಳ್ತಾರೆ. ಚಿಕ್ಕಮ್ಮ ಜಪಸರ ಕೈಯಲ್ಲಿ ಹಿಡ್ಕೊಂಡೇ 'ನೀನು ದಿನಾ ಪೂಜೆಗೆ ಹೋಗೋಳು, ಬಿಟ್ಕೊಡಕ್ಕೆ ಆಗಲ್ವಾ, ಯೇಸುಸ್ವಾಮಿ ಎಲ್ಲಾನೂ ಬಿಟ್ಕೊಟ್ಟಿಲ್ವಾ' ಅಂದ್ರು. ಅವತ್ತಿಂದ ಏಳೆಂಟು ತಿಂಗಳು ನಿದ್ದೆ ಸರಿಯಾಗಿ ಇಲ್ಲ. ಬಿಟ್ಕೊಡದೇ ಇದ್ರೆ ದೇವರ ಮಾತು ಕೇಳದವಳು ಆಗ್ತೀನಾ, ಬಿಟ್ಕೊಟ್ರೆ ಬರೀ ಪೆದ್ದಿ ಆಗ್ತೀನಾ. ಇದನ್ನ ತಲೇಲಿ ಇಟ್ಕೊಂಡು ಹೋಗಿದ್ದು, ಹಾಗಾಗಿ ಈ ರಿವ್ಯೂ ನ್ಯೂಟ್ರಲ್ ಅಂತ ಅಂದ್ಕೋಬೇಡಿ.

ಸರಿ, ವ್ಯವಸ್ಥೆ. ದಿನಕ್ಕೆ 700 ರೂಪಾಯಿ ಊಟ ವಸತಿ ಎಲ್ಲಾ ಸೇರಿ, ಆಗದವರು ಆದಷ್ಟು ಕವರಲ್ಲಿ ಹಾಕಿ ಅಂದ್ರು, ಯಾರು ಎಷ್ಟು ಹಾಕಿದ್ರು ಅಂತ ನೋಡೋರೂ ಇರ್ಲಿಲ್ಲ. ಹೋದ ತಕ್ಷಣ ಫೋನ್ ಸ್ವಿಚ್ ಆಫ್ ಮಾಡಿ ಬ್ರೌನ್ ಕವರಿಗೆ ಹಾಕಿ ಹೆಸರು ಬರೆದು ಗೋದ್ರೇಜ್ ಬೀರುಗೆ ಇಡ್ತಾರೆ, ಮನೆಯವರಿಗೆ ತುರ್ತಿಗೆ ಅಂತ ಆಫೀಸ್ ನಂಬರ್ ಕೊಡ್ತಾರೆ. ರೂಮಲ್ಲಿ ಕಬ್ಬಿಣದ ಮಂಚ, ಒಂದು ಮೇಜು, ಒಂದು ಕುರ್ಚಿ, ಬೈಬಲ್ಲು, ಗೋಡೆ ಮೇಲೆ ಶಿಲುಬೆ, ಸೊಳ್ಳೆ ಪರದೆ. ಕಿಟಕಿ ಆಚೆ ಹಲಸಿನ ಮರ. ಬಿಸಿನೀರು ಬೆಳಗ್ಗೆ ಐದೂವರೆಯಿಂದ ಆರೂವರೆ, ಅಷ್ಟೆ, ಏಳಕ್ಕೆ ಎದ್ದವರಿಗೆ ಬೋರ್‌ವೆಲ್ ತಣ್ಣೀರೇ ಗತಿ.

ಊಟಕ್ಕೆ ಕಣ್ಮುಚ್ಚಿ ಐದಕ್ಕೆ ಐದು ಕೊಡ್ತೀನಿ. ಮೊದಲನೇ ದಿನ ರಾತ್ರಿ ಮುದ್ದೆ, ಹುರುಳಿಕಾಳು ಬಸ್ಸಾರು, ಜೊತೆಗೆ ಆ ಕಾಳಿನದ್ದೇ ಪಲ್ಯ, ಮಾತಿಲ್ಲದೆ ಮೂವತ್ತು ಜನ ಮುದ್ದೆ ನುಂಗೋ ಸದ್ದು ಕೇಳಿದೀರಾ, ನಾನು ಮೊದಲನೇ ಸಲ ಕೇಳಿದ್ದು, ನಗು ತಡಿಯಕ್ಕಾಗದೆ ಎದುರು ಕೂತಿದ್ದ ಹೆಂಗಸಿಗೆ ಸಾರು ನೆತ್ತಿಗೇರ್ತು. ಮಾತಾಡಬಾರದು ಅಂದ್ಮೇಲೆ ಉಪ್ಪು ಬೇಕಂದ್ರೂ ಕೈಯಲ್ಲೇ ತೋರಿಸ್ಬೇಕು. ಎರಡನೇ ದಿನಕ್ಕೆ ಅಭ್ಯಾಸ ಆಗುತ್ತೆ. ಯಾರಿಗೆ ಮಜ್ಜಿಗೆ ಬೇಕು ಯಾರಿಗೆ ಬೇಡ ಅಂತ ಮುಖ ನೋಡಿದ್ರೇ ಗೊತ್ತಾಗುತ್ತೆ.

ಈಗ ಮುಖ್ಯವಾದದ್ದಕ್ಕೆ ಬರ್ತೀನಿ. ಅಲ್ಲಿ ಪ್ರತಿಯೊಬ್ಬರಿಗೂ ಒಬ್ಬರು ಗೈಡ್ ಕೊಡ್ತಾರೆ, ದಿನಕ್ಕೆ ಅರ್ಧ ಗಂಟೆ ಅವರ ಜೊತೆ ಮಾತ್ರ ಮಾತು. ನಂಗೆ ಸಿಕ್ಕಿದ್ದು ಎಪ್ಪತ್ತರ ಆಸುಪಾಸಿನ ಒಬ್ಬ ಸಿಸ್ಟರ್. ಸ್ಟೀಲ್ ಫ್ಲಾಸ್ಕಲ್ಲಿ ಶುಂಠಿ ಕಾಫಿ ಇಟ್ಕೊಂಡು ಕೂತಿರ್ತಿದ್ರು. ಮೊದಲನೇ ದಿನವೇ ಜಮೀನು, ತಮ್ಮ, ಚಿಕ್ಕಮ್ಮ ಎಲ್ಲಾ ಸುರಿದುಬಿಟ್ಟು ಕೊನೆಗೆ 'ಏನ್ ಮಾಡ್ಲಿ ಹೇಳಿ ಸಿಸ್ಟರ್' ಅಂದೆ. ಅವರು ಲೋಟಕ್ಕೆ ಕಾಫಿ ಬಗ್ಗಿಸಿ ಕೊಟ್ಟು 'ಅದನ್ನ ನಾನು ಹೇಳೋ ಹಾಗಿಲ್ಲಮ್ಮ' ಅಂದ್ರು. ನಿಜ ಹೇಳ್ಬೇಕಂದ್ರೆ ಸಿಟ್ಟು ಬಂತು. ದುಡ್ಡು ಕೊಟ್ಟು ಬಂದಿದೀನಿ, ಇಷ್ಟೂ ಹೇಳಕ್ಕಾಗಲ್ವಾ.

ಆಮೇಲೆ ಗೊತ್ತಾಯ್ತು ಅದು ಅವರ ಮೂಡ್ ಅಲ್ಲ, ರೂಲ್ಸು. ಸಂತ ಇಗ್ನೇಷಿಯಸ್ ಬರೆದ 'ಸ್ಪಿರಿಚುವಲ್ ಎಕ್ಸರ್ಸೈಜಸ್' ಅನ್ನೋ ಕೈಪಿಡಿಯ ಶುರುವಿನಲ್ಲೇ ಮಾಡಿಸೋರಿಗೆ ಅಂತ ಇಪ್ಪತ್ತು ಸೂಚನೆ ಇದಾವಂತೆ, ಹದಿನೈದನೇದರಲ್ಲಿ ಸ್ಪಷ್ಟವಾಗಿ ಇದೆ, ಮಾಡಿಸೋರು ಆ ಕಡೆಗೂ ವಾಲಬಾರದು ಈ ಕಡೆಗೂ ವಾಲಬಾರದು, ತಕ್ಕಡಿ ಮುಳ್ಳಿನ ಹಾಗೆ ನಡುವೆ ನಿಂತು, ಸೃಷ್ಟಿ ಮಾಡಿದವನು ತನ್ನ ಸೃಷ್ಟಿ ಜೊತೆ ನೇರವಾಗಿ ವ್ಯವಹಾರ ಮಾಡೋಕೆ ಬಿಡ್ಬೇಕು. ಹದಿನಾಲ್ಕನೇದು ಇನ್ನೂ ಚೆನ್ನಾಗಿದೆ: ಯಾರಾದ್ರೂ ಪ್ರಾರ್ಥನೇಲಿ ಉಕ್ಕಿ ಹರೀತಾ ಇದ್ರೆ ಆ ಬಿಸಿಯಲ್ಲಿ ಅವಸರದ ಹರಕೆ ಪ್ರತಿಜ್ಞೆ ಏನೂ ಮಾಡದ ಹಾಗೆ ಅವರನ್ನ ಎಚ್ಚರಿಸ್ಬೇಕು. ಇದನ್ನ ಕೇಳಿದಾಗ ನಂಗೆ ಆ ಶೆಡ್ಡು, ಆ ಫಾರ್ಮು, ಆ ಪುಣೆ ಹುಡುಗಿ ನೆನಪಾಗಿ ಹೊಟ್ಟೆ ಉರೀತು. 1548ರಲ್ಲೇ ಪೋಪ್ ಮೂರನೇ ಪೌಲರು ಒಪ್ಪಿಗೆ ಕೊಟ್ಟು ಅಚ್ಚಾದ ಪುಸ್ತಕದಲ್ಲಿ ಹೀಗೆ ಮಾಡಬೇಡಿ ಅಂತ ಇದೆ, ನಾವು ಇನ್ನೂ ಅದನ್ನೇ ಮಾಡ್ತಾ ಇದೀವಿ.

ಸಾಯಂಕಾಲ ಅರ್ಧ ಗಂಟೆ ಫಾದರ್ ಒಬ್ಬರ ಪ್ರವಚನ ಇರುತ್ತೆ. ಒಂದು ದಿನದ್ದು ಬಹಳ ಹಿಡಿಸ್ತು. ಇಗ್ನೇಷಿಯಸ್ ಕತೆ ನಮಗೆಲ್ಲ ಗೊತ್ತಿರೋದು ಇಷ್ಟೇ, ಸ್ಪೇನಿನ ಸಿಪಾಯಿ, 1521ರಲ್ಲಿ ಪಾಂಪ್ಲೋನಾ ಕೋಟೆಯಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರೀತು, ಮಲಗಿದ್ದ ಕಡೆ ಸಂತರ ಕತೆ ಓದಿ ಮನಸ್ಸು ತಿರುಗ್ತು, ಮುಂದಿನ ವರ್ಷ ಮೊನ್ಸೆರಾತ್ ಬೆಟ್ಟದ ಮರಿಯಮ್ಮನವರ ಮುಂದೆ ಖಡ್ಗ ಇಟ್ಟು ಬಂದ. ಇಲ್ಲಿಗೆ ಶುಭಂ ಅಂತ ನಾವು ನಿಲ್ಲಿಸಿಬಿಡ್ತೀವಿ. ಆದ್ರೆ ಫಾದರ್ ಹೇಳಿದ್ದು ಅದರ ಮುಂದಿನ ಕತೆ. ಎಲ್ಲಾ ಒಪ್ಪಿಸಿದ ಮೇಲೆ ಆತನಿಗೆ ಇದ್ದಿದ್ದು ಒಂದೇ ಆಸೆ, ಜೆರೂಸಲೇಮಲ್ಲಿ ಸಾಯೋವರೆಗೂ ಇರ್ಬೇಕು. 1523ರಲ್ಲಿ ಭಿಕ್ಷೆ ಬೇಡ್ಕೊಂಡು ಹೆಂಗೋ ಹೋಗಿ ಮುಟ್ಟಿದ. ಅಲ್ಲಿ ಉಸ್ತುವಾರಿ ಇದ್ದ ಫ್ರಾನ್ಸಿಸ್ಕನ್ ಗುರು 'ಇಲ್ಲಿ ಇರಕ್ಕಾಗಲ್ಲ, ಹೊರಡು, ಹೋಗದೇ ಇದ್ರೆ ಬಹಿಷ್ಕಾರ ಹಾಕೋ ಅಧಿಕಾರ ಪೋಪರಿಂದ ನಮಗಿದೆ' ಅಂದ್ರು. ದೇವರಿಗೋಸ್ಕರ ಕೇಳ್ಕೊಂಡ ಜಾಗವೇ ಸಿಗ್ಲಿಲ್ಲ. ಹೊರಟುಬಿಟ್ಟ. ಹೊರಡೋಕ್ ಮುಂಚೆ ಒಂದು ತುಂಟತನ ಮಾಡಿದ ಅನ್ನೋದೇ ನಂಗೆ ಇಷ್ಟ ಆಗಿದ್ದು: ಓಲಿವ್ ಗುಡ್ಡದಲ್ಲಿ ಯೇಸು ಸ್ವರ್ಗಕ್ಕೆ ಏರಿದಾಗ ಬಿದ್ದ ಹೆಜ್ಜೆ ಗುರುತು ಅಂತ ತೋರಿಸೋ ಕಲ್ಲು ಇದೆ, ಅದನ್ನ ಇನ್ನೊಂದ್ ಸಲ ನೋಡಕ್ಕೆ ಯಾರಿಗೂ ಹೇಳದೆ ಓಡಿಹೋಗಿ ಕಾವಲುಗಾರರಿಗೆ ಪೆನ್ನು ಕೆತ್ತೋ ಚಾಕು ಲಂಚ ಕೊಟ್ಟ, ಆಮೇಲೆ ಬಲಗಾಲು ಯಾವ ಕಡೆಗಿತ್ತು ಎಡಗಾಲು ಯಾವ ಕಡೆಗಿತ್ತು ಅಂತ ನೋಡೋದು ಮರೆತೋಯ್ತು ಅಂತ ಮತ್ತೆ ಹೋಗಿ ಕತ್ತರಿ ಕೊಟ್ಟ. ಈ ಕತ್ತರಿ ವಿಷಯ ಕೇಳಿ ಹಾಲ್‌ನಲ್ಲಿ ಎಲ್ಲರೂ ಸದ್ದಿಲ್ಲದೆ ಹೆಗಲು ಕುಲುಕಿಸಿ ನಕ್ವಿ. ಊರಿಗೆ ವಾಪಸ್ ಬಂದು ಮೂವತ್ತು ದಾಟಿದ ಆಸಾಮಿ ಬಾರ್ಸಿಲೋನಾದಲ್ಲಿ ಲ್ಯಾಟಿನ್ ವ್ಯಾಕರಣ ಮೊದಲಿಂದ ಶುರು ಮಾಡಿದ. ಖಡ್ಗ ಬಿಟ್ಟಿದ್ದಕ್ಕಿಂತ ಜೆರೂಸಲೇಮ್ ಬಿಟ್ಟು ಬಂದಿದ್ದೇ ಕಷ್ಟ ಇದ್ದಿರ್ಬೇಕು ಅಂತ ನಂಗನ್ಸುತ್ತೆ, ಯಾಕಂದ್ರೆ ಖಡ್ಗ ಬಿಡೋದು ಅವನದೇ ಐಡಿಯಾ.

ದಿನಚರಿ ಹೇಳ್ಬೇಕಂದ್ರೆ, ಪೂರ್ತಿ ಸಾಧನೆ ಮೂವತ್ತು ದಿನದ್ದು, ನಾಲ್ಕು 'ವಾರ' ಅಂತ ಭಾಗ ಮಾಡಿರ್ತಾರೆ, ನಮ್ಮಂಥ ಸಂಸಾರದವರಿಗೆ ಇದು ಅದರ ಸ್ಯಾಂಪಲ್ಲು. ರಜ ಸಿಗದವರಿಗೆ ಮನೇಲೇ ಇದ್ದು ದಿನಾ ಒಂದು ಗಂಟೆಯ ಹಾಗೆ ತಿಂಗಳುಗಟ್ಟಲೆ ಮಾಡೋ ದಾರಿನೂ ಆ ಪುಸ್ತಕದಲ್ಲೇ ಇದೆ. ದಿನಕ್ಕೆ ನಾಲ್ಕೈದು ಸಲ ಒಂದೊಂದು ಗಂಟೆ ಕೂತ್ಕೋಬೇಕು. ಒಂದು ಬೈಬಲ್ ಭಾಗ ಕೊಡ್ತಾರೆ, ಓದಿ, ಕಣ್ಣು ಮುಚ್ಚಿ, ಆ ಜಾಗದಲ್ಲಿ ನಾನೂ ಇದೀನಿ ಅಂತ ನೋಡ್ಬೇಕು, ಗಾಳಿ ಹೆಂಗಿದೆ, ಏನ್ ವಾಸನೆ, ಯಾರ್ ಏನ್ ಮಾತಾಡ್ತಿದಾರೆ. ನಂಗೆ ಶುಕ್ರವಾರ ಕೊಟ್ಟಿದ್ದು ಲೂಕನ ಐದನೇ ಅಧ್ಯಾಯ, ಮೀನುಗಾರ ಪೇತ್ರ ರಾತ್ರಿಯೆಲ್ಲ ಬಲೆ ಹಾಕಿ ಒಂದು ಮೀನೂ ಸಿಗದೆ ದಡದಲ್ಲಿ ಬಲೆ ತೊಳೀತಾ ಇರ್ತಾನಲ್ಲ ಅದು. ನಂಗೆ ಗಲಿಲಾಯ ಸಮುದ್ರ ಕಣ್ಮುಂದೆ ಬರ್ಲೇ ಇಲ್ಲ, ಬಂದಿದ್ದು ನಮ್ಮೂರ್ ಕೆರೆ, ಬೆಸ್ತರ ಅಜ್ಜ ಒಬ್ಬರು ಇದ್ರು, ಬಲೆಗೆ ಸಿಕ್ಕಿದ ಪಾಚಿ ಮುಳ್ಳು ಎಲ್ಲಾ ಒಂದೊಂದೇ ಬಿಡಿಸ್ತಾ ಕೂತಿರ್ತಿದ್ರು, ಆ ಹೊತ್ತಲ್ಲಿ ಯಾರಾದ್ರೂ ಮಾತಾಡಿಸಿದ್ರೆ ಬೈತಿದ್ರು. ಬಲೆ ತೊಳೆದು ಮುಗಿಸಿದವನ ಹತ್ರ ಬಂದು ಇನ್ನೊಂದ್ ಸಲ ಹಾಕು ಅನ್ನೋದಿದೆಯಲ್ಲ, ಅದೂ ಹೇಳ್ತಿರೋ ಯೇಸು ಬಡಗಿ, ಮೀನು ಹಿಡಿಯೋನಲ್ಲ. ಪೇತ್ರ ಮೊದಲು ಏನಂತಾನೆ ನೋಡಿ, ರಾತ್ರಿಯೆಲ್ಲ ಕಷ್ಟಪಟ್ವಿ ಏನೂ ಸಿಗ್ಲಿಲ್ಲ ಅಂತಾನೆ. ಗೊಣಗ್ತಾನೆ. ಆಮೇಲೆ, ಆದ್ರೂ ನೀವ್ ಹೇಳ್ತಿದೀರಲ್ಲ, ಹಾಕ್ತೀನಿ ಅಂತಾನೆ. ಗೊಣಗೋದು ಒಂದೇ ಬಾಯಿ, ಹಾಕ್ತೀನಿ ಅನ್ನೋದೂ ಅದೇ ಬಾಯಿ.

ಅದನ್ನ ಸಿಸ್ಟರ್ ಹತ್ರ ಹೇಳಿದಾಗ ಅವರು ಒಂದು ಮಾತಂದ್ರು. ಪುಸ್ತಕದಲ್ಲಿ ವಿಧೇಯತೆ ಅಂತ ದೊಡ್ಡ ಪದ ಇದೆ, ಮನೇಲಿ ನಾವೇನಂತೀವಿ, 'ಮಗು ಹೇಳಿದ ಮಾತು ಕೇಳುತ್ತೆ' ಅಂತೀವಿ. ಕಿವಿಯಿಂದ ಕೇಳೋದೂ ಕೇಳೋದೇ, ಪ್ರಶ್ನೆ ಕೇಳೋದೂ ಕೇಳೋದೇ, ಹೇಳಿದಂಗೆ ನಡ್ಕೊಳೋದೂ ಕೇಳೋದೇ, ನಮ್ಮ ಭಾಷೇಲಿ ಮೂರಕ್ಕೂ ಒಂದೇ ಪದ. ಲ್ಯಾಟಿನ್‌ನಲ್ಲೂ ವಿಧೇಯತೆಗೆ ಇರೋ ಪದ ಕಿವಿಗೊಡೋದು ಅನ್ನೋದರಿಂದಲೇ ಬಂದಿದ್ದಂತೆ. ಮಾತೆ ಮರಿಯಮ್ಮನವರೂ ದೇವದೂತ ಬಂದು ಹೇಳಿದ ತಕ್ಷಣ ತಲೆ ಅಲ್ಲಾಡಿಸ್ಲಿಲ್ಲ, ಇದು ಹೇಗಾಗುತ್ತೆ ಅಂತ ಮೊದಲು ಕೇಳಿದ್ರು, ಆಮೇಲೆ ಆಗ್ಲಿ ಅಂದ್ರು. 'ನಿನ್ನ ಚಿಕ್ಕಮ್ಮ ನಿಂಗೆ ಮೂರನೇ ಕೇಳೋದನ್ನ ಮಾತ್ರ ಹೇಳ್ತಿದಾರೆ, ಮೊದಲೆರಡು ಮಾಡೋಕೆ ಬಿಟ್ಟಿಲ್ಲ' ಅಂದ್ರು. ಕಾಫಿ ಆರಿ ಹೋಗಿತ್ತು. ಅವತ್ತು ರೂಮಿಗೆ ಬಂದು ಏಳೆಂಟು ತಿಂಗಳಲ್ಲಿ ಮೊದಲನೇ ಸಲ ಮಧ್ಯಾಹ್ನ ಚೆನ್ನಾಗಿ ನಿದ್ದೆ ಮಾಡ್ಬಿಟ್ಟೆ, ಮೂರು ಗಂಟೆ ಪ್ರಾರ್ಥನೆ ತಪ್ಪೋಯ್ತು.

ಶನಿವಾರದ್ದು ಮೂರು ಜೋಡಿ ಕತೆ, ಈ ಧ್ಯಾನಕೂಟದಲ್ಲಿ ನಂಗೆ ಸರಿಯಾಗಿ ಏಟು ಬಿದ್ದಿದ್ದು ಅಲ್ಲೇ. ಇದು ಬೈಬಲಿಂದಲ್ಲ, ಇಗ್ನೇಷಿಯಸ್ ಕಟ್ಟಿರೋ ಕತೆ. ಮೂರು ಜೋಡಿ ಜನ, ಒಂದೊಂದು ಜೋಡಿಗೂ ಹತ್ತು ಸಾವಿರ ಡುಕಾಟ್ ಬಂದಿದೆ, ಅಂದ್ರೆ ಆಗಿನ ಕಾಲದ ಚಿನ್ನದ ನಾಣ್ಯ, ಕಳ್ಳತನದ್ದೇನಲ್ಲ, ಆದ್ರೆ ದೇವರ ಪ್ರೀತಿಗೆ ಅಂತ ಸಂಪಾದಿಸಿದ್ದೂ ಅಲ್ಲ. ಮೂರು ಜೋಡಿಗೂ ಆ ದುಡ್ಡಿನ ಮೇಲಿರೋ ಮೋಹ ಭಾರ ಅನ್ನಿಸ್ತಿದೆ, ಇಳಿಸ್ಬೇಕು ಅಂತಾರೆ. ಮೊದಲನೇ ಜೋಡಿ ಇಳಿಸ್ತೀವಿ ಇಳಿಸ್ತೀವಿ ಅಂತಾನೇ ಸಾಯೋವರೆಗೂ ಏನೂ ಮಾಡಲ್ಲ. ಎರಡನೇ ಜೋಡಿ ಚಾಲಾಕು, ಮೋಹ ಹೋಗ್ಲಿ ಆದ್ರೆ ದುಡ್ಡು ಇರ್ಲಿ ಅಂತಾರೆ, ಅಂದ್ರೆ ದೇವರೇ ನಾವಿರೋ ಕಡೆಗೆ ಬರ್ಲಿ. ನಮ್ಮಮ್ಮ ಡೋರನಹಳ್ಳಿ ಸಂತ ಅಂತೋಣಿಯವರಿಗೆ ಹರಕೆ ಹೊರೋದು ಥೇಟ್ ಹೀಗೇ, ಇದನ್ನ ಕೊಡಿಸಿ, ಜೂನ್ 13ರ ಹಬ್ಬಕ್ಕೆ ಬಂದು ಮೇಣದಬತ್ತಿ ಹಚ್ತೀನಿ, ಡೀಲು. ಅಮ್ಮನ ಭಕ್ತಿ ಬಗ್ಗೆ ನಗ್ತಿಲ್ಲ, ನಾನೂ ಅದರಲ್ಲೇ ಬೆಳೆದೋಳು.

ಮೂರನೇ ಜೋಡಿ ದುಡ್ಡನ್ನ ಎಸೆದುಬಿಡ್ತಾರೆ ಅಂತ ನಾನು ಅಂದ್ಕೊಂಡಿದ್ದೆ. ಇಲ್ಲ. ಅವರಿಗೆ ಇಟ್ಕೋಬೇಕು ಅಂತಾನೂ ಇಲ್ಲ, ಬಿಡ್ಬೇಕು ಅಂತಾನೂ ಇಲ್ಲ, ಎರಡರಲ್ಲಿ ದೇವರಿಗೆ ಯಾವುದು ಸರಿಯೋ ಅದಕ್ಕೆ ಕೈ ತೆರೆದು ನಿಂತಿರ್ತಾರೆ ಅಷ್ಟೆ. ಧ್ಯಾನಕ್ಕೆ ಅಂತ ಕೊಟ್ಟಿದ್ದ ಆ ಹಾಳೆ ನಾಲ್ಕು ಸಲ ಓದಿದೆ. ಚಿಕ್ಕಮ್ಮ ಹೇಳ್ತಿದ್ದ 'ಬಿಟ್ಕೊಡು' ಅನ್ನೋದು ಇದರಲ್ಲಿ ಎಲ್ಲೂ ಇಲ್ಲ! ಒಂದು ಕ್ಷಣ ಗೆದ್ದೆ ಅನ್ನಿಸ್ತು, ಹೋಗಿ ಚಿಕ್ಕಮ್ಮಂಗೆ ತೋರಿಸ್ಬೇಕು ಅನ್ನಿಸ್ತು. ಆಮೇಲೆ ಹೊಳೀತು, ನಾನು ಹಿಡ್ಕೊಂಡಿರೋದು ಹನ್ನೆರಡು ಗುಂಟೆ ಅಲ್ವೇ ಅಲ್ಲ, ನನ್ನ ಪಾಲಿನ ದುಡ್ಡು ಇಲ್ಲದೇನೂ ನಮ್ಮ ಮನೆ ನಡೀತಿದೆ. ನಾನು ಬಿಡಕ್ಕಾಗದೆ ಒದ್ದಾಡ್ತಿರೋದು 'ನಾನೇ ಸರಿ' ಅನ್ನೋದನ್ನ. ಅಪ್ಪಂಗೆ ಆಸ್ಪತ್ರೇಲಿ ರಾತ್ರಿಯೆಲ್ಲ ಕೂತಿದ್ದು ನಾನು, ತಮ್ಮ ಬಂದಿದ್ದು ಹಣ್ಣು ತಗೊಂಡು ಎರಡು ಸಲ, ಅದನ್ನ ಎಲ್ಲರೂ ಒಪ್ಕೋಬೇಕು, ಅದು ನಂಗೆ ಬೇಕಾಗಿದ್ದಿದ್ದು. ಅದಕ್ಕೆ ಯಾವ ಸಬ್ ರಿಜಿಸ್ಟ್ರಾರ್ ಆಫೀಸಲ್ಲೂ ಪತ್ರ ಇಲ್ಲ.

ಚಿಕ್ಕವರಿದ್ದಾಗ ಜ್ಞಾನೋಪದೇಶ ಕ್ಲಾಸಲ್ಲಿ ಪ್ರಶ್ನೋತ್ತರ ಎಲ್ಲಾ ಬಾಯಿಪಾಠ ಮಾಡಿ ಸಿಸ್ಟರ್ ಮುಂದೆ ಒಪ್ಪಿಸ್ತಿದ್ವಿ, ಮಗ್ಗಿ ಒಪ್ಪಿಸಿದಂಗೆ. 'ಕರ್ತರೇ ನನ್ನನ್ನೇ ಒಪ್ಪಿಸ್ತೀನಿ' ಅಂತ ನಲವತ್ತು ವರ್ಷದಿಂದ ಹೇಳ್ತಿದ್ದೀನಲ್ಲ, ಅದೂ ಪಾಠ ಒಪ್ಪಿಸಿದ್ದೇ ಇರ್ಬೇಕು ಅಂತ ಅವತ್ತು ಹಲಸಿನ ಮರ ನೋಡ್ತಾ ಅನ್ನಿಸ್ತು, ಕೊಟ್ಟಿದ್ದು ಏನೂ ಇಲ್ಲ, ತಪ್ಪಿಲ್ಲದೆ ಹೇಳಿದ್ದೆ ಅಷ್ಟೆ. ಬೈಬಲಿನ ಮತ್ತಾಯನಲ್ಲಿ ಇಬ್ಬರು ಮಕ್ಕಳ ಸಾಮತಿ, ಅಂದ್ರೆ ನೀತಿಕತೆ, ಬರುತ್ತಲ್ಲ, ಅಪ್ಪ ತೋಟಕ್ಕೆ ಹೋಗಿ ಕೆಲಸ ಮಾಡು ಅಂದಾಗ ಒಬ್ಬ ಹೋಗಲ್ಲ ಅಂದು ಆಮೇಲೆ ಹೋಗ್ತಾನೆ, ಇನ್ನೊಬ್ಬ ಹೂಂ ಅಪ್ಪ ಹೋಗ್ತೀನಿ ಅಂತ ಭಾರೀ ಮರ್ಯಾದೆಯಿಂದ ಹೇಳಿ ಹೋಗೋದೇ ಇಲ್ಲ. ಆ ಎರಡನೆಯವನು ನಾನೇ, ಅದೂ ರಾಗವಾಗಿ ಹೇಳೋಳು.

ಈಗ ಕೊರತೆಗಳು. ಬಾತ್‌ರೂಮ್ ಫ್ಲಶ್ ಮೊದಲನೇ ದಿನವೇ ಕೆಟ್ಟಿತ್ತು, ಚೀಟಿ ಬರೆದು ಆಫೀಸ್ ಬಾಗಿಲಿಗೆ ಸಿಗಿಸಿದೆ, ಮಾತಾಡೋ ಹಾಗಿಲ್ವಲ್ಲ, ಭಾನುವಾರದ ತನಕ ಬಕೆಟ್ಟೇ. ಕನ್ನಡ ಹಾಳೆಗಳ ಭಾಷೆ ಭಯಂಕರ, ಯಾರೋ ಇಂಗ್ಲಿಷಿಂದ ಪದಕ್ಕೆ ಪದ ಇಟ್ಟಿದಾರೆ, 'ತಟಸ್ಥತೆ' ಅಂತ ಒಂದು ಕಡೆ 'ಉದಾಸೀನತೆ' ಅಂತ ಇನ್ನೊಂದ್ ಕಡೆ, ನಾನು ದೇವರು ಉದಾಸೀನ ಮಾಡು ಅಂತಿದಾನಾ ಅಂತ ಅರ್ಧ ದಿನ ತಲೆ ಕೆಡಿಸ್ಕೊಂಡೆ, ಸಿಸ್ಟರ್ ಹತ್ರ ಕೇಳಿದ್ಮೇಲೆ ಗೊತ್ತಾಯ್ತು ಅದು ಆ ಮೂರನೇ ಜೋಡಿಯ ತೆರೆದ ಕೈ ಅಂತ. ಬೆಂಗಳೂರು ಸುತ್ತಮುತ್ತ ಕನ್ನಡ ಕ್ರೈಸ್ತರು ಪೂಜೆ ಕನ್ನಡದಲ್ಲಿ ಬೇಕು ಅಂತ ಎಷ್ಟು ವರ್ಷದಿಂದ ಬಾಯಿ ಬಡ್ಕೊಂಡಿದಾರೆ, ಒಂದು ಹಾಳೆನಾದ್ರೂ ಕನ್ನಡ ಬಲ್ಲವರ ಕೈಲಿ ಬರೆಸಿ. ಮತ್ತೆ ನನ್ನ ಪಕ್ಕದ ರೂಮಿನವರು ಎರಡನೇ ಫೋನ್ ಬಚ್ಚಿಟ್ಟುಕೊಂಡಿದ್ರು, ರಾತ್ರಿ ಹತ್ತಕ್ಕೆ ಗೋಡೆ ಆಚೆಯಿಂದ ಸೀರಿಯಲ್ ಟೈಟಲ್ ಸಾಂಗು. ಕಂಪ್ಲೇಂಟ್ ಮಾಡ್ಲಿಲ್ಲ, ಎರಡು ನಿಮಿಷ ಗೋಡೆಗೆ ಕಿವಿ ಇಟ್ಟು ಕತೆ ಎಲ್ಲಿಗೆ ಬಂತು ಅಂತ ನಾನೂ ತಿಳ್ಕೊಂಡೆ.

ಇನ್ನೊಂದು ವಿಷಯಕ್ಕೆ ಸಿಸ್ಟರ್ ಜೊತೆ ಸ್ವಲ್ಪ ಜಟಾಪಟಿನೇ ಆಯ್ತು. ಲೈಬ್ರರಿ ಪುಸ್ತಕದಲ್ಲಿ ಓದಿದ್ದೆ, ಯೇಸುಸಭೆಯ, ಅಂದ್ರೆ ತಾವೇ ಕಟ್ಟಿದ ಜೆಸ್ವಿಟ್ ಗುರುಗಳ ಸಂಘದ, ನಿಯಮದಲ್ಲಿ ಇಗ್ನೇಷಿಯಸ್ ಬರೆದಿದಾರೆ, ಮೇಲಿನವರಿಗೆ ಹೆಣದ ಹಾಗೆ, ಮುದುಕನ ಕೈಲಿರೋ ಕೋಲಿನ ಹಾಗೆ ವಿಧೇಯರಾಗಿರ್ಬೇಕು ಅಂತ. ಇದಕ್ಕೂ ಆ ಟಿಕ್ ಬಾಕ್ಸಿಗೂ ಏನ್ ವ್ಯತ್ಯಾಸ ಅಂತ ಕೇಳೇಬಿಟ್ಟೆ. ಸಿಸ್ಟರ್ ಬೇಜಾರ್ ಮಾಡ್ಕೊಳ್ಳಿಲ್ಲ. ಅದು ತಾವಾಗೇ ವ್ರತ ತಗೊಂಡವರಿಗೆ, ವರ್ಷಗಟ್ಟಲೆ ಪರೀಕ್ಷೆ ಮಾಡಿ ಆಮೇಲೆ ಕೊಡೋ ವ್ರತ, ಅಲ್ಲೂ ಪಾಪದ ಕೆಲಸ ಹೇಳಿದ್ರೆ ಕೇಳೋ ಹಾಗಿಲ್ಲ, ಪ್ರಾರ್ಥನೆ ಮಾಡಿ ನಂಗೆ ಹೀಗನ್ಸುತ್ತೆ ಅಂತ ಮೇಲಿನವರ ಮುಂದೆ ಹೇಳ್ಕೊಳೋಕೆ ದಾರಿ ಇದೆ ಅಂದ್ರು. ಇಗ್ನೇಷಿಯಸ್ ಸಂಗಡಿಗ ಫ್ರಾನ್ಸಿಸ್ ಕ್ಸೇವಿಯರ್ ಉದಾಹರಣೆ ಕೊಟ್ರು, ಇಂಡಿಯಾಗೆ ಬರ್ಬೇಕಿದ್ದವರು ಬೊಬದಿಯಾ ಅನ್ನೋ ಇನ್ನೊಬ್ಬರು, ಅವರು ಕಾಯಿಲೆ ಬಿದ್ರು, ಕ್ಸೇವಿಯರ್‌ಗೆ ನೀನ್ ಹೋಗು ಅಂದ್ರು, ಹರಿದ ಬಟ್ಟೆ ಹೊಲ್ಕೊಂಡು 1540ರ ಮಾರ್ಚಲ್ಲಿ ರೋಮ್ ಬಿಟ್ರು, 1542ರ ಮೇ ತಿಂಗಳಲ್ಲಿ ಗೋವಾ ಮುಟ್ಟಿದ್ರು. ಚೆನ್ನಾಗಿದೆ, ಆದ್ರೂ ಆ ಹೆಣದ ಮಾತು ನಂಗೆ ಇವತ್ತಿಗೂ ಗಂಟಲಲ್ಲಿ ಇಳಿದಿಲ್ಲ. ಅಂಥ ಮಾತು ಸಂತರ ಕೈಲಿದ್ರೆ ಸರಿ, ಮೈಕ್ ಹಿಡಿದವರ ಕೈಗೆ ಹೋದ್ರೆ ಏನಾಗುತ್ತೆ ಅಂತ ನಾನು ನೋಡಿದೀನಿ. ಸಿಸ್ಟರ್‌ಗೂ ಹಾಗೇ ಹೇಳಿದೆ. 'ಹೌದಮ್ಮ, ಅಪಾಯ ಇದೆ' ಅಂದ್ರು, ವಾದ ಮಾಡ್ಲಿಲ್ಲ.

ಶನಿವಾರ ರಾತ್ರಿ ಗೆತ್ಸೇಮನೆ ಧ್ಯಾನ, ಯೇಸುಸ್ವಾಮಿ ಸೆರೆಯಾಗೋಕ್ ಮುಂಚೆ ರಾತ್ರಿ ಪ್ರಾರ್ಥನೆ ಮಾಡಿದ ತೋಟ ಅದು. ಚಾಪೆಲ್‌ನಲ್ಲಿ ಒಂದೇ ದೀಪ. ಆ ಹೆಸರಿಗೆ ಎಣ್ಣೆ ಗಾಣ ಅಂತ ಅರ್ಥ ಅಂತ ಫಾದರ್ ಹೇಳಿ ಸುಮ್ಮನಾದ್ರು, ಇನ್ನೇನೂ ವಿವರಿಸ್ಲಿಲ್ಲ, ಒಳ್ಳೇದೇ ಆಯ್ತು. ನಂಗೆ ಅಲ್ಲಿ ಕಂಡಿದ್ದು ಒಂದೇ, ಯೇಸುಸ್ವಾಮಿ ಅದೇ ಪ್ರಾರ್ಥನೆನ ಮೂರು ಸಲ ಮಾಡ್ತಾರೆ. ಒಂದೇ ಸಲಕ್ಕೆ ಅವರಿಗೂ ಮುಗೀಲಿಲ್ಲ. ಈ ಪಾತ್ರೆ (ಅಂದ್ರೆ ಬರ್ತಿರೋ ಕಷ್ಟ) ತಪ್ಪಿಸಿ ಅಂತ ಬಾಯಿಬಿಟ್ಟು ಕೇಳ್ತಾರೆ, ಮಧ್ಯೆ ಎದ್ದು ಬಂದು ಮಲಗಿರೋ ಶಿಷ್ಯರನ್ನ ನೋಡಿ ಬೇಜಾರಾಗಿ ಮತ್ತೆ ಹೋಗ್ತಾರೆ. ಸಮರ್ಪಣೆ ಅಂದ್ರೆ ನಗುನಗ್ತಾ ಒಂದು ಸೈನ್ ಅಂತ ನಮಗೆ ಯಾರು ಹೇಳ್ಕೊಟ್ರೋ.

ಚಾಪೆಲ್ ಗೋಡೆ ಮೇಲೆ ಎರಡು ಚಿತ್ರ ಪಕ್ಕಪಕ್ಕ ಇದ್ವು. ಒಂದು ಷಾರ್ಲ್ ದ ಫೂಕೋ, ಸಹಾರಾ ಮರಳುಗಾಡಲ್ಲಿ ತುವಾರೆಗ್ ಜನರ ಮಧ್ಯೆ ಬದುಕಿ 1916ರ ಡಿಸೆಂಬರ್ 1ರಂದು ಗುಂಡೇಟಿಗೆ ಸತ್ತ ಫ್ರೆಂಚ್ ಸನ್ಯಾಸಿ. ಇನ್ನೊಂದು ನಮ್ಮ ದೇವಸಹಾಯಂ ಪಿಳ್ಳೈ, ತಿರುವಾಂಕೂರು ಅರಮನೆಯಲ್ಲಿ ಅಧಿಕಾರಿ, 1745ರಲ್ಲಿ ದೀಕ್ಷಾಸ್ನಾನ, 1752ರ ಜನವರಿ 14ಕ್ಕೆ ಅರಲ್ವಾಯ್‌ಮೊಳಿ ಹತ್ರ ಗುಡ್ಡದಲ್ಲಿ ಗುಂಡಿಟ್ಟು ಕೊಂದ್ರು. ಇಬ್ಬರನ್ನೂ ಒಂದೇ ದಿನ, 2022ರ ಮೇ 15ಕ್ಕೆ ಸಂತರು ಅಂತ ಘೋಷಿಸಿದ್ದು. ದೇವಸಹಾಯಂ ನಮ್ಮ ಥರ ಮದುವೆಯಾಗಿದ್ದ ಸಂಸಾರಸ್ಥರು, ಫಾದರೂ ಅಲ್ಲ ಬ್ರದರೂ ಅಲ್ಲ. ಫೂಕೋ ಬದುಕಿದ್ದಾಗ ಅವರ ಹಿಂದೆ ಬಂದು ನಿಂತ ಶಿಷ್ಯರು ಅಂತ ಹೆಚ್ಚು ಕಡಿಮೆ ಯಾರೂ ಇಲ್ಲ, ಹತ್ತು ಹನ್ನೊಂದು ವರ್ಷ ಮರಳಲ್ಲಿ ಕೂತು ತುವಾರೆಗ್ ಭಾಷೆಗೆ ನಿಘಂಟು ಬರೀತಾ ಇದ್ರು. ಲೆಕ್ಕ ಹಾಕಿದ್ರೆ ಸೋತ ಬದುಕು. ಆ ಚಿತ್ರದ ಮುಂದೆ ಜಾಸ್ತಿ ಹೊತ್ತು ಕೂತಿದ್ದೆ, ಯಾಕೆ ಅಂತ ಕೇಳಿದ್ರೆ ಸರಿಯಾಗಿ ಹೇಳಕ್ಕಾಗಲ್ಲ.

ಭಾನುವಾರ ಬೆಳಗ್ಗೆ ಪೂಜೆ ಕೊನೇಲಿ ಇಗ್ನೇಷಿಯಸ್ ಪ್ರಾರ್ಥನೆ ಎಲ್ಲರೂ ಸೇರಿ ಹೇಳಿದ್ವಿ, ನನ್ನ ಸ್ವಾತಂತ್ರ್ಯ, ನೆನಪು, ಬುದ್ಧಿ, ಇಚ್ಛೆ ಎಲ್ಲಾ ತಗೋ, ನೀನೇ ಕೊಟ್ಟಿದ್ದು ನಿಂಗೇ ವಾಪಸ್, ನಿನ್ನ ಪ್ರೀತಿ ಕೃಪೆ ಇದ್ರೆ ಸಾಕು ಅನ್ನೋ ಧಾಟೀದು. ಇಪ್ಪತ್ತು ಸಲ ಹೇಳಿದ ಪ್ರಾರ್ಥನೆ. ಈ ಸಲ 'ನೆನಪು' ಅನ್ನೋ ಕಡೆ ಬಾಯಿ ನಿಂತೋಯ್ತು. ಆಸ್ಪತ್ರೆಯ ಆ ರಾತ್ರಿಗಳ ನೆನಪನ್ನ ಕೊಡೋಕೆ ನಾನಿನ್ನೂ ರೆಡಿ ಇಲ್ಲ. ಆ ಒಂದು ಪದ ಬಿಟ್ಟು ಉಳಿದಿದ್ದು ಹೇಳಿದೆ. ಸಿಸ್ಟರ್‌ಗೆ ಹೇಳಿದ್ರೆ 'ಪಾಠ ಒಪ್ಪಿಸಕ್ಕಿಂತ ಅದು ವಾಸಿ' ಅಂತ ನಕ್ರು, ಜೊತೆಗೆ ಜಮೀನಿನ ತೀರ್ಮಾನ ಇಲ್ಲಿ ಮಾಡ್ಕೊಂಡು ಹೋಗ್ಬೇಡ, ಇಲ್ಲಿಯ ಸಮಾಧಾನ ಮನೆ ಒಲೆ ಮುಂದೆನೂ ಇರುತ್ತಾ ನೋಡು, ಮನಸ್ಸು ಕತ್ತಲಾದಾಗ ಮಾತ್ರ ಯಾವ ತೀರ್ಮಾನನೂ ಬದಲಾಯಿಸ್ಬೇಡ ಅಂದ್ರು. ಆ ಕೊನೇದು ಇಗ್ನೇಷಿಯಸ್ ರೂಲಂತೆ. ಕೆಲಸಕ್ಕೆ ಬರೋ ರೂಲು, ಆಫೀಸಲ್ಲೂ ಬಳಸ್ತಿದೀನಿ.

ಯಾರು ಹೋಗ್ಬಹುದು ಅಂದ್ರೆ, ಅದ್ಭುತ ನಡೀಬೇಕು, ಯಾರಾದ್ರೂ ತಲೆ ಮೇಲೆ ಕೈ ಇಟ್ಟು ಭವಿಷ್ಯ ಹೇಳ್ಬೇಕು ಅನ್ನೋರು ಹೋಗ್ಬೇಡಿ, ಕಾಸು ದಂಡ. ಮನೇಲಿ ಈಗಷ್ಟೇ ಸಾವಾಗಿರೋರು, ಡಿಪ್ರೆಶನ್ ಔಷಧಿ ತಗೊಳೋರು ಮೊದಲೇ ಅಲ್ಲಿ ತಿಳಿಸಿ, ಮೌನ ಎಲ್ಲರಿಗೂ ಒಗ್ಗಲ್ಲ, ನಮ್ಮ ಬ್ಯಾಚಲ್ಲಿ ಒಬ್ಬರು ಎರಡನೇ ದಿನವೇ ಮನೆಗೆ ಹೋದ್ರು, ಯಾರೂ ತಡೀಲಿಲ್ಲ, ಬುತ್ತಿ ಕಟ್ಟಿ ಕಳಿಸಿದ್ರು. ಊಟಕ್ಕೆ ಐದು, ಗೈಡಿಗೆ ಐದು, ಹಾಳೆಗಳಿಗೆ ಎರಡು, ಬಾತ್‌ರೂಮಿಗೆ ಒಂದು ಸ್ಟಾರೂ ಇಲ್ಲ. ಟಾರ್ಚು, ದಪ್ಪ ಹೊದಿಕೆ, ನಿಮ್ಮದೇ ಒಂದು ಮಗ್ಗು ತಗೊಂಡು ಹೋಗಿ.

ಫೋನ್ ಆನ್ ಮಾಡಿದಾಗ ತಮ್ಮಂದು ಆರು ಮಿಸ್ಡ್ ಕಾಲ್. ಬಸ್ ಸ್ಟಾಪಲ್ಲಿ ನಿಂತು ವಾಪಸ್ ಮಾಡಿದೆ. 'ಎಲ್ಲಿ ಹೋಗಿದ್ದೆ ಅಕ್ಕ, ಅಮ್ಮಂಗೆ ಶುಗರ್ ಜಾಸ್ತಿ ಆಗಿತ್ತು, ಈಗ ಪರವಾಗಿಲ್ಲ' ಅಂದ. ಮೂರು ರಾತ್ರಿ ಅವನೇ ಪಕ್ಕದಲ್ಲಿ ಮಲಗಿದ್ನಂತೆ. ಮುಂದಿನ ವಾರ ಮನೆಗೆ ಬಾ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕಾಗದ ತರ್ಲಾ ಅಂತ ಕೇಳ್ದ. ತಗೊಂಡ್ ಬಾ, ಕೂತ್ಕೊಂಡ್ ಓದೋಣ ಅಂದೆ.